‘ರಕ್ತ ಹೊರಗೆ ಹೋಯ್ತಲ್ಲ, ಬಿಡಿ’ ಅನ್ನುವವರಿಗೆ

ತಲೆಗೆ ಪೆಟ್ಟು ಮಾಡಿಕೊಂಡು ಬರುವವರ ಜೊತೆ ಒಬ್ಬರಾದರೂ ಹಿರಿಯರು ಇದ್ದೇ ಇರುತ್ತಾರೆ. ನಾನು ಗ್ಲೌಸ್ ಹಾಕಿಕೊಳ್ಳುವಷ್ಟರಲ್ಲಿ ಅವರ ತೀರ್ಪು ಹೊರಬಿದ್ದಿರುತ್ತದೆ: ‘ರಕ್ತ ಚೆನ್ನಾಗಿ ಹೊರಗೆ ಹೋಗಿದೆ ಡಾಕ್ಟ್ರೇ, ಒಳ್ಳೇದೇ ಆಯ್ತು. ಒಳಗೇ ಹೆಪ್ಪುಗಟ್ಟಿದ್ರೆ ಕಷ್ಟ ಇತ್ತು.’ ತಾಲ್ಲೂಕು ಆಸ್ಪತ್ರೆಯ ಸರ್ಜನ್ ಆಗಿ ಈ ಮಾತನ್ನು ರೈತರಿಂದ ಕೇಳಿದ್ದೇನೆ, ಹೈಸ್ಕೂಲ್ ಮೇಷ್ಟ್ರಿಂದ ಕೇಳಿದ್ದೇನೆ, ವಿಜ್ಞಾನ ಓದಿದ ಇಂಜಿನಿಯರುಗಳಿಂದಲೂ ಕೇಳಿದ್ದೇನೆ. ಹೊಲಿಗೆ ಹಾಕುತ್ತಲೇ ಅಲ್ಲ ಅಂತ ವಿವರಿಸುತ್ತೇನೆ. ಹೂಂ ಹೂಂ ಅನ್ನುತ್ತಾರೆ. ಹೊರಗೆ ಹೋಗಿ ಫೋನಿನಲ್ಲಿ ನೆಂಟರಿಗೆ ಮತ್ತೆ ಅದನ್ನೇ ಹೇಳುತ್ತಾರೆ.

ಹೊರಗೆ ಸುರಿಯುವ ರಕ್ತ ತಲೆಯ ಚರ್ಮದ್ದು. ಒಳಗೆ ಹೆಪ್ಪುಗಟ್ಟುವ ರಕ್ತ ಬುರುಡೆಯ ಒಳಬದಿಯ ನಾಳಗಳದ್ದು. ನಡುವೆ ಎಲುಬಿದೆ. ತೆಂಗಿನಕಾಯಿಯ ಮಟ್ಟೆಯನ್ನು ಕತ್ತಿಯಿಂದ ಗೀರಿದರೆ ಕರಟದೊಳಗಿನ ನೀರು ಕಡಿಮೆಯಾಗುತ್ತದೆಯೇ? ಹಾಗೆಯೇ ಇದೂ. ಹೊರಗೆ ಅರ್ಧ ಲೀಟರ್ ಹೋಯಿತೆಂದು ಒಳಗೆ ಕಟ್ಟುವ ಹೆಪ್ಪು ಒಂದು ಹನಿಯೂ ಕಮ್ಮಿಯಾಗುವುದಿಲ್ಲ. ಹೊರಗೆ ಹನಿ ರಕ್ತ ಕಾಣದಿದ್ದರೂ ಒಳಗೆ ತುಂಬುತ್ತಿರಬಹುದು. ಎರಡೂ ಒಟ್ಟಿಗೆ ಆಗಬಹುದು, ಎರಡೂ ಆಗದೆಯೂ ಇರಬಹುದು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬೇಡಿ ಅನ್ನುವುದಷ್ಟೇ ನನ್ನ ಕೋರಿಕೆ. (ಬುರುಡೆಯೇ ಒಡೆದು ತೆರೆದುಕೊಂಡ ಗಾಯದ ಮಾತು ಬೇರೆ. ಅಲ್ಲಿ ಇಷ್ಟೆಲ್ಲ ಚರ್ಚೆಗೆ ಪುರುಸೊತ್ತೂ ಇರುವುದಿಲ್ಲ.)

ಹಾಗಾದರೆ ತಲೆಯಿಂದ ಅಷ್ಟೊಂದು ರಕ್ತ ಯಾಕೆ ಸುರಿಯುತ್ತದೆ? ನೆತ್ತಿಯ ಮೇಲೆ ಐದು ಪದರಗಳಿವೆ. ಮೊದಲನೆಯದು ಕೂದಲಿರುವ ಚರ್ಮ. ಅದರ ಕೆಳಗೆ ಗಟ್ಟಿ ನಾರು ಮತ್ತು ಕೊಬ್ಬಿನ ಪದರ. ರಕ್ತನಾಳಗಳೆಲ್ಲ ಇರುವುದು ಇಲ್ಲೇ. ಮೂರನೆಯದು ಗೇಲಿಯಾ ಎಂಬ ಬಿಳಿ ಗಟ್ಟಿ ಹಾಳೆ. ನಾಲ್ಕನೆಯದು ಸಡಿಲವಾದ ಪದರ, ಐದನೆಯದು ಎಲುಬಿಗೆ ಅಂಟಿದ ತೆಳು ಪೊರೆ. ಪ್ರತಿ ಬದಿಗೂ ಐದೈದು ಅಪಧಮನಿಗಳು ಹಣೆ, ಕಿವಿಯ ಮುಂದೆ, ಕಿವಿಯ ಹಿಂದೆ ಮತ್ತು ಹಿಂದಲೆಯಿಂದ ಹತ್ತಿ ಬಂದು ನೆತ್ತಿಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೈಕಾಲಿನಲ್ಲಿ ನಾಳ ತುಂಡಾದರೆ ಅದು ತಾನೇ ಮುದುಡಿ ಒಳಕ್ಕೆ ಸರಿಯುತ್ತದೆ. ನೆತ್ತಿಯಲ್ಲಿ ನಾರುಗಳು ನಾಳದ ಗೋಡೆಯನ್ನು ನಾಲ್ಕೂ ಕಡೆಯಿಂದ ಹಿಡಿದಿರುವುದರಿಂದ ಅದಕ್ಕೆ ಮುದುಡಲು ಆಗುವುದಿಲ್ಲ. ಬಾಯಿ ತೆರೆದೇ ಇರುತ್ತದೆ. ಸಣ್ಣ ಗಾಯಕ್ಕೂ ಅಂಗಿ ತೊಯ್ದು ಹೋಗುವುದು ಇದಕ್ಕೇ. ಗೇಲಿಯಾ ಅಡ್ಡಕ್ಕೆ ಸೀಳಿದ್ದರೆ ಹಣೆಯ ಸ್ನಾಯು ಮುಂದಕ್ಕೆ, ಹಿಂದಲೆಯ ಸ್ನಾಯು ಹಿಂದಕ್ಕೆ ಎಳೆದು ಗಾಯ ಬಾಯಿ ಬಿಡುತ್ತದೆ. ನೋಡಿದವರಿಗೆ ತಲೆ ತಿರುಗುತ್ತದೆ. ಗಾಯಾಳುವೇ ಅವರಿಗೆ ನೀರು ಕೊಡಿ ಅನ್ನುವುದನ್ನೂ ಕಂಡಿದ್ದೇನೆ.

ಇಷ್ಟು ಸುರಿಯುವ ರಕ್ತ ನಿಲ್ಲುವುದೂ ಅಷ್ಟೇ ಸುಲಭ. ಕೆಳಗೆ ಎಲುಬಿರುವುದರಿಂದ ಶುಭ್ರ ಬಟ್ಟೆ ಇಟ್ಟು ಒತ್ತಿ ಹಿಡಿದರೆ ನಾಳ ಮುಚ್ಚಿಕೊಳ್ಳುತ್ತದೆ. ಗಡಿಯಾರ ನೋಡಿಕೊಂಡು 10 ನಿಮಿಷ. ನಡುವೆ ‘ನಿಂತಿತಾ ನೋಡೋಣ’ ಅಂತ ತೆಗೆಯಬಾರದು. ಜನ ಅರ್ಧ ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಾರೆ. ಎಲುಬು ತಗ್ಗಿದಂತೆ ಕೈಗೆ ತಾಗಿದರೆ ಅಥವಾ ಏನಾದರೂ ನಾಟಿಕೊಂಡಿದ್ದರೆ ಅದರ ಮೇಲೆ ಒತ್ತಬೇಡಿ, ನಾಟಿದ್ದನ್ನು ಕೀಳಬೇಡಿ, ಹಾಗೇ ಕರೆತನ್ನಿ. ‘ಕೆಟ್ಟ ರಕ್ತ ಹೋಗಲಿ’ ಅಂತ ಬಿಡುವುದಂತೂ ಮಕ್ಕಳಲ್ಲಿ ಅಪಾಯ. 10 ಕೆಜಿ ತೂಕದ ಮಗುವಿನ ಮೈಯಲ್ಲಿ ಇರುವ ರಕ್ತ ಹೆಚ್ಚುಕಡಿಮೆ 800 ಮಿಲಿಲೀಟರ್.

ಇನ್ನು ಕಾಫಿಪುಡಿ. ಮೊಮ್ಮಗ ಜಗಲಿಯಿಂದ ಬಿದ್ದನೆಂದು ಅಜ್ಜಿಯೊಬ್ಬರು ಕರೆತಂದಿದ್ದರು. ಗಾಯದ ತುಂಬ ಪುಡಿ, ಕೂದಲಿಗೆಲ್ಲ ಮೆತ್ತಿ ಒಣಗಿ ಗಟ್ಟಿಯಾಗಿತ್ತು. ‘ಯಾಕಮ್ಮ ಹಾಕಿದ್ರಿ?’ ಅಂದೆ. ‘ನಿಂತುಹೋಯ್ತಲ್ಲ ಸ್ವಾಮಿ, ನೋಡಿ ಬೇಕಾದ್ರೆ’ ಅಂದರು. ಹಾಕಿ ಏನು ಮಾಡಿದಿರಿ ಅಂದರೆ, ‘ಅಂಗೈಲಿ ಒತ್ತಿ ಹಿಡ್ಕೊಂಡೇ ಬಂದೆ, ಬಸ್ಸಿಳಿಯೋವರೆಗೂ ಬಿಟ್ಟಿಲ್ಲ.’ ರಕ್ತ ನಿಲ್ಲಿಸಿದ್ದು ಆ ಅಂಗೈ. ಪುಡಿ ಮಾಡಿದ್ದು ನನ್ನ ಕೆಲಸ ಹೆಚ್ಚಿಸಿದ್ದು, ಹುಡುಗನ ಅಳು ಹೆಚ್ಚಿಸಿದ್ದು ಅಷ್ಟೇ, ಏಕೆಂದರೆ ಒಂದೊಂದು ಕಣವನ್ನೂ ಸಲೈನಿನಲ್ಲಿ ತೊಳೆದು ತೆಗೆಯದೆ ಹೊಲಿಗೆ ಹಾಕುವಂತಿಲ್ಲ. ಒಳಗೆ ಉಳಿದರೆ ಕೀವು. ಆ ಕೀವು ನಾಲ್ಕನೆಯ ಸಡಿಲ ಪದರಕ್ಕೆ ಇಳಿದರೆ ಇಡೀ ನೆತ್ತಿಗೆ ಹರಡಬಲ್ಲದು. ಬುರುಡೆಯ ಸಣ್ಣ ರಂಧ್ರಗಳಲ್ಲಿ ಹಾದುಹೋಗುವ ಅಭಿಧಮನಿಗಳ ಮೂಲಕ ಸೋಂಕು ಒಳಗೂ ಹೋಗಬಹುದು. ಅಪರೂಪ, ಆದರೆ ಆಗುವಂಥದ್ದು. ಅರಿಶಿನ, ಸಕ್ಕರೆ, ನಶ್ಯಕ್ಕೂ ಇದೇ ಉತ್ತರ. ಅಜ್ಜಿಯ ಅಂಗೈಯನ್ನು ಮಾತ್ರ ಮನಸಾರೆ ಹೊಗಳಿದೆ.

ಆ ಸಡಿಲ ಪದರದ ಇನ್ನೊಂದು ಚೇಷ್ಟೆಯಿಂದ ನಮಗೆ ಬೈಗುಳವೂ ಸಿಗುತ್ತದೆ. ಮದುವೆಗೆ ಎರಡು ದಿನ ಇದೆ ಅನ್ನುವಾಗ ವರನೊಬ್ಬ ಚಪ್ಪರದ ಕಂಬಕ್ಕೆ ತಲೆ ಹೊಡೆಸಿಕೊಂಡು ಬಂದ. ಕೂದಲಂಚಿನಲ್ಲಿ ಗಾಯ, ಮೂರು ಹೊಲಿಗೆ, ಸ್ಕ್ಯಾನ್ ಸರಿಯಾಗಿತ್ತು, ಕಳಿಸಿದೆ. ಧಾರೆಯ ದಿನ ಬೆಳಿಗ್ಗೆ ಎರಡೂ ಕಣ್ಣಿನ ರೆಪ್ಪೆ ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತಂತೆ. ಯಾರೋ ಹುಡುಗನಿಗೆ ಹೊಡೆದಿದ್ದಾರೆ ಅಂತ ಹೆಣ್ಣಿನ ಕಡೆಯವರ ಗುಸುಗುಸು. ಗಂಡಿನ ಕಡೆಯವರು ‘ನಿಮ್ಮ ಇಂಜೆಕ್ಷನ್ ರಿಯಾಕ್ಷನ್’ ಅಂತ ನನಗೆ ಫೋನು. ನಡೆದದ್ದು ಇಷ್ಟೆ. ಹಣೆಯ ಸ್ನಾಯು ಮುಂದುಗಡೆ ಎಲುಬಿಗೆ ಅಂಟಿಕೊಂಡಿಲ್ಲ, ಹುಬ್ಬಿನ ಚರ್ಮಕ್ಕೆ ಸೇರಿದೆ. ಹಿಂದೆ ಮತ್ತು ಪಕ್ಕಗಳಲ್ಲಿ ಪದರ ಎಲುಬಿಗೆ ಬಿಗಿದಿದೆ. ಹೀಗಾಗಿ ಒಳಗೆ ಜಿನುಗಿದ ರಕ್ತ ಕುತ್ತಿಗೆಗೂ ಇಳಿಯಲಾಗದೆ, ಕೆನ್ನೆಗೂ ಇಳಿಯಲಾಗದೆ ಮೆಲ್ಲಗೆ ಕಣ್ಣಿನ ರೆಪ್ಪೆಗೆ ಬಂದು ಕೂರುತ್ತದೆ. ಒಂದೆರಡು ದಿನ ತಡವಾಗಿ ಕಾಣುತ್ತದೆ, ಒಂದೆರಡು ವಾರದಲ್ಲಿ ಹಸಿರು, ಹಳದಿಗೆ ತಿರುಗಿ ಮಾಯವಾಗುತ್ತದೆ. ಹಣೆಗೆ ಪೆಟ್ಟೇ ಬೀಳದೆ ಎರಡೂ ಕಣ್ಣು ಕಪ್ಪಾದರೆ, ಅದರಲ್ಲೂ ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥ ದ್ರವ ಸೋರುತ್ತಿದ್ದರೆ, ಬುರುಡೆಯ ತಳ ಬಿರುಕು ಬಿಟ್ಟಿರಬಹುದು. ಆಗ ಮನೆಯಲ್ಲಿ ಕೂರಬಾರದು.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ರಕ್ತವೇ ಬಾರದ ಪೆಟ್ಟುಗಳು. ಕಣ್ಣಿಗೂ ಕಿವಿಗೂ ನಡುವಿನ ಜಾಗದಲ್ಲಿ ಬುರುಡೆ ತೆಳು, ಅದರ ಒಳಬದಿಯಲ್ಲೇ ಮಿಡಲ್ ಮೆನಿಂಜಿಯಲ್ ಎಂಬ ಅಪಧಮನಿ ಹಾದುಹೋಗುತ್ತದೆ. ಕ್ರಿಕೆಟ್ ಚೆಂಡು ಅಲ್ಲಿಗೆ ಬಡಿದ ಹುಡುಗನೊಬ್ಬ ಎರಡು ನಿಮಿಷ ಎಚ್ಚರ ತಪ್ಪಿ, ಎದ್ದು, ನಡೆದೇ ಬಂದ. ಬೋರೆಹಣ್ಣಿನಷ್ಟು ಊತ, ಅಷ್ಟೇ. ಕ್ಯಾಷುವಾಲ್ಟಿಯಲ್ಲಿ ಟೀ ಕುಡಿದು ಸ್ಕೋರ್ ಎಷ್ಟಾಯ್ತು ಅಂತ ವಿಚಾರಿಸಿದ. ‘ಒಂದು ಹನಿ ರಕ್ತ ಬಂದಿಲ್ಲ ಸಾರ್, ಕಳಿಸಿಬಿಡಿ’ ಅಂತ ಚಿಕ್ಕಪ್ಪನ ಒತ್ತಾಯ. ಕೂರಿಸಿಕೊಂಡೆ. ಸ್ವಲ್ಪ ಹೊತ್ತಿಗೆ ವಾಂತಿ, ಆಮೇಲೆ ಮಂಪರು. 108ರಲ್ಲಿ ಜಿಲ್ಲಾ ಕೇಂದ್ರಕ್ಕೆ ಓಡಿಸಿದೆವು, ಅಲ್ಲಿ ಬುರುಡೆ ತೆರೆದು ಹೆಪ್ಪು ತೆಗೆದರು. ಹುಡುಗ ಈಗ ಮತ್ತೆ ಆಡುತ್ತಾನೆ, ಹೆಲ್ಮೆಟ್ ಹಾಕಿಕೊಂಡು.

ಆದ್ದರಿಂದ ನೋಡಬೇಕಾದ್ದು ರಕ್ತವನ್ನಲ್ಲ, ಮನುಷ್ಯನನ್ನು. ಎಚ್ಚರ ತಪ್ಪಿದ್ದನೇ, ಮತ್ತೆ ಮತ್ತೆ ವಾಂತಿಯೇ, ಮಾತು ತೊದಲುತ್ತಿದೆಯೇ, ಫಿಟ್ಸ್ ಬಂತೇ, ಒಂದು ಕಣ್ಣಿನ ಪಾಪೆ ದೊಡ್ಡದಾಗಿದೆಯೇ, ತಲೆನೋವು ಏರುತ್ತಿದೆಯೇ. ಇವುಗಳಲ್ಲಿ ಒಂದಿದ್ದರೂ ಗಾಯ ಎಷ್ಟೇ ಚಿಕ್ಕದಿರಲಿ, ಸಿ.ಟಿ. ಸ್ಕ್ಯಾನ್ ಇರುವ ಕಡೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ವಯಸ್ಸಾದವರು, ಕುಡಿದು ಬಿದ್ದವರು ಲಕ್ಷಣ ಇಲ್ಲದಿದ್ದರೂ ತೋರಿಸಿಕೊಳ್ಳಬೇಕು; ಮುದುಕರಲ್ಲಿ ಹೆಪ್ಪು ವಾರಗಳ ನಂತರವೂ ಕಾಣಿಸಿಕೊಳ್ಳುವುದುಂಟು. ಮೊದಲ 24 ಗಂಟೆ ಜೊತೆಗೆ ಒಬ್ಬರಿರಲಿ. ನಿದ್ದೆ ಮಾಡಬಾರದೆಂದಿಲ್ಲ, ಎಬ್ಬಿಸಿದರೆ ಎದ್ದು ನೆಟ್ಟಗೆ ಮಾತಾಡಬೇಕು. ಇದು ಪತ್ರಿಕೆಯ ಬರಹ. ನಿಮ್ಮ ಮುಂದಿರುವ ಗಾಯಾಳುವನ್ನು ನಾನು ನೋಡಿಲ್ಲ, ನೋಡಿದ ವೈದ್ಯರ ಮಾತೇ ಅಂತಿಮ.

ಕೊನೆಗೆ, ಎಲ್ಲರೂ ಬಾಗಿಲ ಬಳಿ ನಿಂತು ಕೇಳುವ ಪ್ರಶ್ನೆಗಳು. ತಲೆ ಬೋಳಿಸಬೇಕಾಗಿಲ್ಲ, ಸಾಮಾನ್ಯವಾಗಿ ಗಾಯದ ಅಂಚಿನ ಕೂದಲು ಸರಿಸಿಕೊಂಡರೆ ಸಾಕು. ಹುಬ್ಬನ್ನಂತೂ ಬೋಳಿಸುವುದೇ ಇಲ್ಲ, ಅದನ್ನು ನೋಡಿಕೊಂಡೇ ಅಂಚಿಗೆ ಅಂಚು ಕೂಡಿಸಬೇಕು. ನೆತ್ತಿಯ ಹೊಲಿಗೆ ಸಾಮಾನ್ಯವಾಗಿ 7ರಿಂದ 10 ದಿನಕ್ಕೆ, ಮುಖದ್ದು 5 ದಿನದ ಸುಮಾರಿಗೆ ಬಿಚ್ಚುತ್ತೇವೆ. ಎಣ್ಣೆ ಅದಾದ ಮೇಲೆ.