ಬಸ್ಸಿಗೆ ನಿಲ್ಲಬೇಕಾ, ನಡೆದುಬಿಡಬೇಕಾ?

ಮೊನ್ನೆ ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಒಂದು ಸ್ಟಾಪಿನಲ್ಲಿ 20 ನಿಮಿಷ ನಿಂತಿದ್ದೆ. ಹೋಗಬೇಕಾಗಿದ್ದು ಬರೀ 2 ಕಿಲೋಮೀಟರ್. ಪಕ್ಕದಲ್ಲಿ ಕಾಯಿಪಲ್ಯದ ಚೀಲ ಹಿಡಿದು ನಿಂತಿದ್ದ ಅಜ್ಜಿ "ಈಗ ಬರ್ತೈತಿ, ನಿಂದರಪಾ" ಅಂತ ಎರಡು ಸಲ ಹೇಳಿದರು. ನನಗೆ ತಾಳ್ಮೆ ಉಳಿದಿರಲಿಲ್ಲ, ನಡೆಯಲು ಶುರು ಮಾಡಿದೆ. ಇನ್ನೂರು ಹೆಜ್ಜೆ ಆಗಿರಲಿಲ್ಲ, ತುಂಬಿ ತುಳುಕುತ್ತಿದ್ದ ಬಸ್ ದಾಟಿ ಹೋಯಿತು. ಅದರ ಬೆನ್ನಿಗೇ ಅದೇ ರೂಟಿನ ಇನ್ನೊಂದು, ಅರ್ಧ ಖಾಲಿ. ಅಜ್ಜಿ ಅದರಲ್ಲಿ ಆರಾಮಾಗಿ ಕೂತಿದ್ದರು.

ಅವತ್ತಿನಿಂದ ಇದರ ಲೆಕ್ಕ ತಲೆಯಲ್ಲಿ ಕೂತಿದೆ.

ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ 2 ಕಿಲೋಮೀಟರಿಗೆ 24 ನಿಮಿಷ ಬೇಕು. ಪೇಟೆಯ ಟ್ರಾಫಿಕ್ಕಿನಲ್ಲಿ ಬಸ್ಸಿನ ವೇಗ 15 ಅಂತ ಇಟ್ಟುಕೊಂಡರೆ 8 ನಿಮಿಷ. ನಡುವಿನ ವ್ಯತ್ಯಾಸ 16 ನಿಮಿಷ. ಅಂದರೆ 16 ನಿಮಿಷದೊಳಗೆ ಬಸ್ ಬಂದರೆ ಬಸ್ಸೇ ಗೆಲ್ಲುತ್ತದೆ. ಹತ್ತು ನಿಮಿಷಕ್ಕೊಂದು ಬಸ್ ಇರುವ ರೂಟಿನಲ್ಲಿ ಯೋಚನೆಯೇ ಬೇಡ, ಅಲ್ವಾ?

ಬೇಕು. ಯಾಕಂದರೆ "ಹತ್ತು ನಿಮಿಷಕ್ಕೊಂದು" ಅನ್ನೋದು ಸರಾಸರಿ. ಬಸ್ಸುಗಳು ಸರಿಯಾಗಿ ಹತ್ತತ್ತು ನಿಮಿಷಕ್ಕೆ ಬಂದರೆ ನಾವು ಸರಾಸರಿ 5 ನಿಮಿಷ ಕಾಯುತ್ತೇವೆ. ಆದರೆ ಅವು ಜೋಡಿಯಾಗಿ ಬಂದು, ಒಂದು ಅಂತರ 18 ನಿಮಿಷ, ಮುಂದಿನದು 2 ನಿಮಿಷ ಆಯಿತು ಅನ್ನಿ. ಸರಾಸರಿ ಈಗಲೂ ಹತ್ತೇ. ಆದರೆ ಸುಮ್ನೆ ಯಾವುದೋ ಹೊತ್ತಿಗೆ ಸ್ಟಾಪಿಗೆ ಹೋದವರು ಹತ್ತರಲ್ಲಿ ಒಂಬತ್ತು ಸಲ ಆ 18ರ ಅಂತರಕ್ಕೇ ಸಿಗುತ್ತಾರೆ, ಏಕೆಂದರೆ ಗಡಿಯಾರದಲ್ಲಿ ಜಾಸ್ತಿ ಜಾಗ ಹಿಡಿದಿರುವುದು ಅದೇ. ಲೆಕ್ಕ ಹಾಕಿದರೆ ಸರಾಸರಿ ಕಾಯುವಿಕೆ 8.2 ನಿಮಿಷ. ಬಸ್ಸುಗಳ ಸಂಖ್ಯೆ ಒಂದೂ ಕಡಿಮೆಯಾಗಿಲ್ಲ, ಆದರೂ ನಮ್ಮ ಪಾಲಿಗೆ ಸೇವೆ ಅಷ್ಟು ಕೆಟ್ಟಿದೆ. "ನಾ ಬಂದಾಗೆಲ್ಲ ಬಸ್ಸೇ ಇರಂಗಿಲ್ಲ" ಅಂತ ಜನ ಹೇಳುವುದು ಬರೀ ಗೊಣಗಾಟ ಅಲ್ಲ, ಅದರ ಹಿಂದೆ ಗಣಿತ ಇದೆ.

ಜೋಡಿ ಯಾಕೆ ಆಗುತ್ತವೆ? ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಸಂಶೋಧಕರು 1964ರಲ್ಲೇ ಇದನ್ನು ವಿವರಿಸಿದ್ದರು. ಒಂದು ಬಸ್ ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿನಲ್ಲಿ ಜನ ಹೆಚ್ಚು ಸೇರಿರುತ್ತಾರೆ. ಹತ್ತಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಇನ್ನೂ ತಡ. ಹಿಂದಿನ ಬಸ್ಸಿಗೆ ಜನವೇ ಉಳಿದಿರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನು ಹತ್ತುತ್ತದೆ. ಡ್ರೈವರ್, ಕಂಡಕ್ಟರ್ ಯಾರ ತಪ್ಪೂ ಬೇಕಾಗಿಲ್ಲ.

ನಮ್ಮ ಚಿಗರಿ ಬಸ್ಸುಗಳನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಹುಬ್ಬಳ್ಳಿ-ಧಾರವಾಡ ನಡುವೆ 2018ರಲ್ಲಿ ಅವು ಓಡಲು ಶುರುವಾದಾಗ ಎಲ್ಲರೂ ಎಸಿ ಬಗ್ಗೆ ಮಾತಾಡಿದರು. ನನಗೆ ಮುಖ್ಯ ಅನಿಸಿದ್ದು ಬೇರೆ: ಟಿಕೆಟ್ ಸ್ಟೇಶನ್ನಿನಲ್ಲೇ ತೆಗೆದುಕೊಂಡಿರುತ್ತೇವೆ, ಪ್ಲಾಟ್‌ಫಾರ್ಮ್ ಬಸ್ಸಿನ ನೆಲದ ಮಟ್ಟಕ್ಕೇ ಇದೆ, ಮೆಟ್ಟಿಲು ಹತ್ತುವ ತಾಪತ್ರಯ ಇಲ್ಲ. ಹತ್ತಿ ಇಳಿಯುವ ಹೊತ್ತು ಕಡಿಮೆಯಾದಷ್ಟೂ ಜೋಡಿ ಆಗುವ ರೋಗದ ಬೇರಿಗೇ ಏಟು ಬೀಳುತ್ತದೆ.

ಇನ್ನು ನನ್ನ ತಪ್ಪಿಗೆ ಬರೋಣ. ಚೆನ್, ಕೊಮಿನರ್ಸ್, ಸಿನಾಟ್ ಎಂಬ ಮೂವರು 2008ರಲ್ಲಿ ಇದೇ ಪ್ರಶ್ನೆ ಮೇಲೆ ಪ್ರಬಂಧ ಬರೆದರು. ಹೆಚ್ಚಿನ ಸಲ ಕಾಯುವುದೇ ಲಾಭ ಅಂದರು. ಬಸ್ ಬಹಳ ಅಪರೂಪ, ಹೋಗುವ ಜಾಗ ಹತ್ತಿರ ಅಂದರೆ ಮಾತ್ರ ನಡೆಯಬೇಕು, ಅದನ್ನೂ ಸ್ಟಾಪಿಗೆ ಬಂದ ಕ್ಷಣದಲ್ಲೇ ತೀರ್ಮಾನಿಸಬೇಕು. 20 ನಿಮಿಷ ಕಾದ ಮೇಲೆ ಬಸ್ ಇನ್ನೂ ಹತ್ತಿರ ಬಂದಿರುತ್ತದೆ, ಆಗ ಬಿಟ್ಟು ಹೋಗುವುದು ಎಲ್ಲಕ್ಕಿಂತ ನಷ್ಟದ ಕೆಲಸ. ಮುಂದಿನ ಸ್ಟಾಪಿನ ತನಕ ನಡೆಯೋಣ ಅನ್ನುವವರಿಗೂ ಒಂದು ಮಾತು: ಅಲ್ಲಿ ಸಿಗುವುದೂ ಅದೇ ಬಸ್ಸು, ತಲುಪುವುದೂ ಅದೇ ಹೊತ್ತಿಗೆ. ನಡುದಾರಿಯಲ್ಲಿದ್ದಾಗ ಅದು ದಾಟಿತೋ, ಅದೂ ಇಲ್ಲ.

ಈಗ ನಾನು ಬೆಳಿಗ್ಗೆ ಅವಸರ ಇದ್ದಾಗ ಒಮ್ಮೆ ನಿಂತರೆ ಕದಲುವುದಿಲ್ಲ. ಸಂಜೆ ವಾಪಸ್ ಬರುವಾಗ ಮಾತ್ರ, ಬಿಸಿಲು ಇಳಿದಿದ್ದರೆ, ಸ್ಟಾಪಿನ ಕಡೆ ತಿರುಗದೆ ಮೊದಲೇ ನಡೆದುಬಿಡುತ್ತೇನೆ. ದಾರಿಯಲ್ಲಿ ಎಷ್ಟು ಬಸ್ ದಾಟಿ ಹೋದರೂ ಬೇಜಾರಾಗುವುದಿಲ್ಲ.