ಕಾಫಿ ಹಣ್ಣಿನ ಕೆಂಪು ಯಾವ ಸೇರಿನಲ್ಲಿ ಅಳೆದದ್ದು?

ಚಿಕ್ಕಮಗಳೂರಿನ ಹೋಂಸ್ಟೇ ಒಂದರ ಕರಪತ್ರಕ್ಕೆ ಕಾಫಿ ಹಣ್ಣಿನ ಫೋಟೊ ಅನ್ನಿ. ಮಾನಿಟರಿನಲ್ಲಿ ಫಳಫಳ ಕೆಂಪು, ಅಚ್ಚಾಗಿ ಬಂದದ್ದು ಹೆಂಚಿನ ಬಣ್ಣ. ಬೈಸಿಕೊಳ್ಳುವುದು ಪ್ರೆಸ್ಸಿನವರು. ‘ದುಬಾರಿ ಮಾನಿಟರ್ ತನ್ನಿ, ಸರಿಹೋಗುತ್ತೆ’ ಎನ್ನುವ ಸಲಹೆಗಾರರೂ ಉಂಟು. ಅದೊಂದು ಮೂಢನಂಬಿಕೆ.

ಫೈಲಿನಲ್ಲಿರುವುದು ಬಣ್ಣವಲ್ಲ, ಅಂಕಿ. ಕೆಂಪು 200, ಹಸಿರು 30, ನೀಲಿ 40. ಹಿಂದೆ ಪಕ್ಕಾ ಸೇರು, ಕಚ್ಚಾ ಸೇರು ಎಂದು ಊರಿಗೊಂದು ಅಳತೆ ಇತ್ತಲ್ಲ, ‘ಮೂರು ಸೇರು’ ಎಂದರೆ ಯಾವ ಊರಿನದು ಎಂದು ಕೇಳಲೇಬೇಕಿತ್ತು. ಸ್ಕ್ಯಾನರ್ ತನ್ನ ಸೇರಿನಲ್ಲಿ ಅಳೆದು 200 ಎನ್ನುತ್ತದೆ. ಮಾನಿಟರ್ ಅದೇ 200ನ್ನು ತನ್ನ ಸೇರಿನಲ್ಲಿ ಸುರಿಯುತ್ತದೆ. ಐಸಿಸಿ ಪ್ರೊಫೈಲ್ ಎಂದರೆ ಈ ಸೇರಿಗೆ ಎಷ್ಟು ಹಿಡಿಯುತ್ತದೆಂದು ಬರೆದಿಟ್ಟ ಚೀಟಿ. ಸಾಧನದ ಜಾತಕ ಎನ್ನಿ ಬೇಕಾದರೆ. ಆದರೆ ಇದು ಅಳೆದು ಬರೆದದ್ದು.

ಫೋಟೊಶಾಪಿನಲ್ಲಿ ‘ಅಸೈನ್’ ಒತ್ತಿದರೆ ಚೀಟಿ ಮಾತ್ರ ಬದಲಾಗುತ್ತದೆ: ಅಂಕಿ ಅದೇ, ಬಣ್ಣ ಬೇರೆ. ‘ಕನ್ವರ್ಟ್’ ಒತ್ತಿದರೆ ಕಾಳನ್ನು ಹೊಸ ಸೇರಿನಲ್ಲಿ ಮತ್ತೆ ಅಳೆದಂತೆ: ಅಂಕಿ ಬೇರೆ, ಬಣ್ಣ ಆದಷ್ಟೂ ಅದೇ. ಅರ್ಧ ಅನಾಹುತ ಇವೆರಡನ್ನು ಅದಲುಬದಲು ಮಾಡುವುದರಿಂದಲೇ.

ಎಲ್ಲ ಸೇರನ್ನೂ ಹೋಲಿಸಲು ಒಂದು ಸಾಮಾನ್ಯ ಅಳತೆ ಬೇಡವೇ? ಅದು 1931ರ ಸಿಐಇ (ಅಂತರರಾಷ್ಟ್ರೀಯ ಬೆಳಕಿನ ಆಯೋಗ) ಮಾನಕ. ಇಂಗ್ಲೆಂಡಿನಲ್ಲಿ ವಿಜ್ಞಾನಿಗಳಾದ ರೈಟ್ 10 ಜನರನ್ನು, ಗಿಲ್ಡ್ 7 ಜನರನ್ನು ಕೂರಿಸಿ, ಕೆಂಪು-ಹಸಿರು-ನೀಲಿ ಬೆಳಕು ಬೆರೆಸಿ ಬಣ್ಣ ಹೊಂದಿಸಲು ಹೇಳಿದರು. ಆ 17 ಜೋಡಿ ಕಣ್ಣುಗಳ ಸರಾಸರಿಯೇ ಇಂದಿಗೂ ನಮ್ಮ ಕಾಫಿ ಹಣ್ಣಿಗೆ ಸಾಕ್ಷಿ.

ಕೆಲಸಕ್ಕೆ ಬರೋಣ. ಮಾನಿಟರ್ ಅರ್ಧ ಗಂಟೆ ಬೆಚ್ಚಗಾಗಲಿ. ಬಣ್ಣ ಅಳೆಯುವ ಕಲರಿಮೀಟರನ್ನು ಪರದೆಗೆ ತೂಗುಹಾಕಿ ಬಿಳಿಯ ಛಾಯೆ 6500 ಕೆಲ್ವಿನ್, ಗಾಮಾ (ನಡುಛಾಯೆಗಳ ಹೊಳಪಿನ ಏರಿಕೆ) 2.2, ಹೊಳಪು ಚದರ ಮೀಟರಿಗೆ 100–120 ಕ್ಯಾಂಡೆಲಾಕ್ಕೆ ಹೊಂದಿಸಿ. ‘ಅಚ್ಚು ಕಪ್ಪಗೆ ಬಂತು’ ಎಂಬ ದೂರಿಗೆ ಮಿತಿಮೀರಿದ ಹೊಳಪೇ ಬಹುಪಾಲು ಕಾರಣ. ಸ್ಕ್ಯಾನರಿನಲ್ಲಿ ಆಟೊ ತಿದ್ದುಪಡಿಗಳನ್ನೆಲ್ಲ ಆಫ್ ಮಾಡಿ, ಐಟಿ8 ಎಂಬ ಮಾನಕ ಬಣ್ಣಪಟ್ಟಿ ಸ್ಕ್ಯಾನ್ ಮಾಡಿ ಪ್ರೊಫೈಲ್ ಕಟ್ಟಿ. ಪ್ರಿಂಟರಿನ ಪ್ರೊಫೈಲ್ ಪ್ರಿಂಟರಿಗಷ್ಟೇ ಅಲ್ಲ, ಕಾಗದ, ಶಾಯಿ, ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಸೆಟ್ಟಿಂಗ್ ಮೂರೂ ಸೇರಿದ್ದು. ಹೊಳಪಿನ ಗ್ಲಾಸಿ ಕಾಗದದ್ದನ್ನು ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಹಾಕಿದರೆ ಹೋಯಿತು. ಈ ಪ್ರೊಫೈಲಿಗೆಂದು ಅಚ್ಚು ಹಾಕಿದ ಬಣ್ಣಪಟ್ಟಿಯನ್ನು ಶಾಯಿ ಒಂದು ದಿನ ಆರಿದ ಮೇಲೆಯೇ ಅಳೆಯಿರಿ. ಬಣ್ಣ ನಿರ್ವಹಣೆ ಸಾಫ್ಟ್‌ವೇರಿಗೆ ಬಿಟ್ಟರೆ ಡ್ರೈವರಿನದನ್ನು ಆಫ್ ಮಾಡಲೇಬೇಕು. ಇಬ್ಬರೂ ಉಪ್ಪು ಹಾಕಿದ ಸಾರಿನಂತೆ, ಎರಡೆರಡು ಸಲ ತಿದ್ದಿದ ಚಿತ್ರದಲ್ಲಿ ಮುಖಗಳು ಕೆಂಪಡರುತ್ತವೆ.

ಇಷ್ಟಾದರೂ ಮಳೆಗಾಲದ ಮುಳ್ಳಯ್ಯನಗಿರಿಯ ಹಸಿರು ಪರದೆಯಷ್ಟು ಹೊಳೆಯದು. ನಾಲ್ಕು ಶಾಯಿಗೆ ಅಲ್ಲಿಗೆ ಕೈ ಎಟುಕದು. ಹಾಗೆಂದು ಪ್ರಿಂಟರ್ ಕೀಳಲ್ಲ: ಅಚ್ಚಿನ ಸಯಾನ್ (ಹಸಿರುನೀಲಿ) ಶಾಯಿಯ ಬಣ್ಣ ಎಸ್‌ಆರ್‌ಜಿಬಿ ಎಂಬ ಬಣ್ಣವ್ಯಾಪ್ತಿಯ ಸಾಮಾನ್ಯ ಮಾನಿಟರಿಗೆ ಎಟುಕುವುದಿಲ್ಲ. ಏನು ಕಳೆದುಹೋಗುತ್ತದೆಂದು ಸಾಫ್ಟ್ ಪ್ರೂಫಿನಲ್ಲಿ, ಅಂದರೆ ಅಚ್ಚಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ಮುನ್ನೋಟದಲ್ಲಿ, ಮೊದಲೇ ನೋಡಿಬಿಡಿ. ಅಚ್ಚಿನ ಪ್ರೂಫನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ಒಪ್ಪಬೇಡಿ. ಅಲ್ಲಿ ಒಂದೇ ಎನಿಸಿದ ಎರಡು ಕೆಂಪು ಜಗಲಿಯ ಬೆಳಕಿಗೆ ಬಂದರೆ ಬೇರೆಯಾಗಬಹುದು. ಅದಕ್ಕೆಂದೇ ಮುದ್ರಣದವರು 5000 ಕೆಲ್ವಿನ್ ದೀಪ ಇಟ್ಟುಕೊಳ್ಳುವುದು.