ಹತ್ತು ದಿನ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬದಲಿಸಬೇಕೇ?

ಓದುಗರ ಪ್ರಶ್ನೆ: ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ನಮ್ಮ ಪೆಟ್ರೋಲ್ ಕಾರು ಸ್ಟಾರ್ಟ್ ಆಗುವುದಿಲ್ಲ; ಕೀ ತಿರುಗಿಸಿದರೆ ಕಟಕಟ ಸದ್ದು ಮಾತ್ರ ಬರುತ್ತದೆ. ಬ್ಯಾಟರಿ ಹಾಕಿಸಿ ಒಂದು ವರ್ಷವಷ್ಟೇ ಆಗಿದೆ. ಮತ್ತೆ ಬದಲಿಸಿ ಎಂದು ಗ್ಯಾರೇಜಿನವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಈಗಲೇ ಬದಲಿಸಬೇಡಿ. ಬ್ಯಾಟರಿ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲವೇ, ಓಡುವಾಗ ಅದಕ್ಕೆ ಸರಿಯಾಗಿ ಚಾರ್ಜ್ ಆಗುತ್ತಿಲ್ಲವೇ, ಅಥವಾ ಕಾರು ನಿಂತಿರುವಾಗ ಯಾವುದೋ ಭಾಗ ಅದನ್ನು ಹೀರುತ್ತಿದೆಯೇ ಎಂಬ ಮೂರು ಸಾಧ್ಯತೆಗಳನ್ನು ಬೇರ್ಪಡಿಸದೆ ಹೊಸ ಬ್ಯಾಟರಿ ಕೊಂಡರೆ, ದೋಷ ಮೂರನೆಯದಾಗಿದ್ದ ಪಕ್ಷದಲ್ಲಿ ಅದೂ ಇದೇ ರೀತಿ ಇಳಿಯುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಆಸುಪಾಸಿನ ಬ್ಯಾಟರಿ ಇರುತ್ತದೆ. ಕಾರನ್ನು ಲಾಕ್ ಮಾಡಿ ಹೋದ ಮೇಲೂ ಗಡಿಯಾರ, ಅಲಾರಂ, ಕೀ ಗುರುತಿಸುವ ಘಟಕ, ಇಂಜಿನ್ ಕಂಪ್ಯೂಟರಿನ ನೆನಪು ಇವೆಲ್ಲ ಸ್ವಲ್ಪ ವಿದ್ಯುತ್ ಬಳಸುತ್ತಲೇ ಇರುತ್ತವೆ. 20ರಿಂದ 50 ಮಿಲಿಆಂಪಿಯರ್ ಸಹಜ. 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ಹತ್ತು ದಿನಕ್ಕೆ ಖರ್ಚಾಗುವುದು ಸುಮಾರು 7 ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಐದನೇ ಒಂದು ಭಾಗ ಮಾತ್ರ. ಅಷ್ಟಕ್ಕೆ ಕಾರು ನಿಲ್ಲಬಾರದು. ಅದೇ 100 ಮಿಲಿಆಂಪಿಯರ್ ಸೋರುತ್ತಿದ್ದರೆ ಹತ್ತು ದಿನಕ್ಕೆ 24 ಆಂಪಿಯರ್-ಅವರ್ ಹೋಗುತ್ತದೆ, ಮತ್ತು ನೀವು ಹೇಳುವ ಕಟಕಟ ಸದ್ದು ಬರುವುದು ಅಂಥ ಸ್ಥಿತಿಯಲ್ಲಿಯೇ. ಡಿಕ್ಕಿಯೊಳಗಿನ 5 ವ್ಯಾಟ್ ಬಲ್ಬ್ ಮುಚ್ಚಳ ಹಾಕಿದ ಮೇಲೂ ಆರದೆ ಉಳಿದರೆ ಎರಡೇ ದಿನ ಸಾಕು.

ಮೊದಲ ಪರೀಕ್ಷೆ ಬ್ಯಾಟರಿಯದು. ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಕಾರಿಗೆ ಜೋಡಿಸದೆ ಎರಡು ದಿನ ಹಾಗೆಯೇ ಇಟ್ಟು, ನಂತರ ಮಲ್ಟಿಮೀಟರಿನಲ್ಲಿ ವೋಲ್ಟ್ ನೋಡಿ. 12.6ರ ಹತ್ತಿರವೇ ನಿಂತಿದ್ದರೆ ಬ್ಯಾಟರಿ ಚಾರ್ಜ್ ಹಿಡಿಯುತ್ತಿದೆ ಎಂದರ್ಥ. ಏನನ್ನೂ ಜೋಡಿಸದಿದ್ದರೂ 12.4ಕ್ಕಿಂತ ಕೆಳಗಿಳಿದಿದ್ದರೆ ದೋಷ ಅದರ ಒಳಗೇ ಇದೆ. ಕಾರಿಗೆ ಜೋಡಿಸಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಕುಸಿಯುವುದೂ ಬ್ಯಾಟರಿ ದುರ್ಬಲವಾಗಿರುವುದರ ಗುರುತು. ಇಂಜಿನ್ ಚಾಲೂ ಇರುವಾಗ ಟರ್ಮಿನಲ್‌ಗಳಲ್ಲಿ 13.8ರಿಂದ 14.5 ವೋಲ್ಟ್ ಕಂಡರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ವಿದ್ಯುತ್ ತಯಾರಿಸಿ ಬ್ಯಾಟರಿ ತುಂಬಿಸುವ ಭಾಗ) ಚಾರ್ಜ್ ಮಾಡುತ್ತಿದೆ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಿಂದ ತೊಳೆದು, ಒಣಗಿಸಿ, ಬಿಗಿಯಾಗಿ ಕೂಡಿಸಿ.

ಈ ಎರಡೂ ಸರಿಯಿದ್ದರೆ ಸೋರಿಕೆಯನ್ನು ಹುಡುಕಬೇಕು. ತಾಳ್ಮೆ ಬೇಕಾಗುವುದು ಇಲ್ಲಿಯೇ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಕೀಯನ್ನು ಮನೆಯೊಳಗೆ ದೂರ ಇರಿಸಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಕೀ ಹತ್ತಿರವಿದ್ದರೆ ಕೆಲವು ಘಟಕಗಳು ಎಚ್ಚರವಾಗಿಯೇ ಇರಬಹುದು. ಫ್ಯೂಸ್ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಕೆಳಗಿದ್ದರೆ ಬಾಗಿಲು ತೆರೆದಿರಲಿ, ಆದರೆ ಅದರ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆಯೆಂದು ಕಾರು ತಿಳಿಯುವಂತೆ ಮಾಡಿ. ಬಳಿಕ ಮೈನಸ್ ಟರ್ಮಿನಲ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಸಿಕ್ಕಿಸಿ, ಬಿಚ್ಚಿದ ಕೇಬಲ್ ಮತ್ತು ಬ್ಯಾಟರಿಯ ಮೈನಸ್ ಕಂಬದ ನಡುವೆ ಮೀಟರನ್ನು ಜೋಡಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟಿನ ತೂತಿಗೆ ಮರಳಿಸುವುದನ್ನು ದಯವಿಟ್ಟು ಮರೆಯಬೇಡಿ. ಮರೆತು ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ.

ಜೋಡಿಸಿದ ಕೂಡಲೇ ಮೀಟರ್ ಒಂದೆರಡು ಆಂಪಿಯರ್ ತೋರಿಸಿದರೆ ಗಾಬರಿಯಾಗಬೇಡಿ. ಕಾರಿನೊಳಗಿನ ಕಂಪ್ಯೂಟರುಗಳು ಎಚ್ಚೆತ್ತು ಮತ್ತೆ ನಿದ್ರೆಗೆ ಜಾರಲು ಅರ್ಧ ಗಂಟೆ, ಕೆಲವು ಮಾದರಿಗಳಲ್ಲಿ ಒಂದು ಗಂಟೆ ಹಿಡಿಯುತ್ತದೆ. ಕಾದ ನಂತರವೂ 0.05ಕ್ಕಿಂತ ಹೆಚ್ಚು ಉಳಿದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು, ಯಾವುದನ್ನು ತೆಗೆದಾಗ ಅಂಕಿ ದಿಢೀರನೆ ಇಳಿಯುತ್ತದೆ ಎಂದು ನೋಡಿ.

ನನ್ನ ಕಾರಿನಲ್ಲಿ ಮೀಟರ್ 0.29ರಲ್ಲಿ ನಿಂತಿತ್ತು. ಏಳು ಫ್ಯೂಸ್ ತೆಗೆದರೂ ಅಂಕಿ ಕದಲಲಿಲ್ಲ. ಎಂಟನೆಯದನ್ನು ಎಳೆದ ಕ್ಷಣ 0.03ಕ್ಕೆ ಇಳಿಯಿತು. ಆಕ್ಸೆಸರಿ ಅಂಗಡಿಯವರು ಡ್ಯಾಶ್‌ಕ್ಯಾಮಿನ ವೈರನ್ನು ಕೀ ಆನ್ ಮಾಡಿದಾಗ ಮಾತ್ರ ವಿದ್ಯುತ್ ಬರುವ ಫ್ಯೂಸಿಗೆ ಕೊಡುವ ಬದಲು ಸದಾ ಜೀವಂತವಿರುವ ಫ್ಯೂಸಿಗೆ ಕೊಟ್ಟಿದ್ದರು. ವೈರನ್ನು ಪಕ್ಕದ ಫ್ಯೂಸಿಗೆ ಬದಲಿಸಿದ್ದೇ ದುರಸ್ತಿ, ಆದರೆ ಅಷ್ಟರೊಳಗೆ ನಾನು ಒಂದು ಬ್ಯಾಟರಿ ಕೊಂಡಾಗಿತ್ತು. ಹಾಗಾಗಿ ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಆಂಪ್ಲಿಫೈಯರ್, ಜಿಪಿಎಸ್ ಇವುಗಳ ವೈರನ್ನು ಮೊದಲು ಪರಿಶೀಲಿಸಿ ಎನ್ನುತ್ತೇನೆ.

ಯಾವ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು. ಆಗ ಅದರ ದಪ್ಪ ವೈರನ್ನು ಬೇರ್ಪಡಿಸಿ ಅಳೆಯಬೇಕಾಗುತ್ತದೆ. ಇದನ್ನು ಆಟೊ ಎಲೆಕ್ಟ್ರಿಷಿಯನ್ ಕೈಗೇ ಬಿಡಿ.

ಸೋರಿಕೆ ಸಿಗುವವರೆಗೆ ಊರಿಗೆ ಹೋಗುವ ಮುನ್ನ ಮೈನಸ್ ಟರ್ಮಿನಲ್ ಕಳಚಿಡಿ. ಬಹುತೇಕ ಕಾರುಗಳಲ್ಲಿ 10 ಎಂಎಂ ಸ್ಪ್ಯಾನರ್ ಸಾಕು. ಗಡಿಯಾರ ಮತ್ತು ರೇಡಿಯೊ ಸೆಟ್ಟಿಂಗ್ ಅಳಿಸಿಹೋಗಬಹುದು, ಅಷ್ಟೇ. ದಿನವೂ ನಿಂತಲ್ಲೇ ಐದು ನಿಮಿಷ ಇಂಜಿನ್ ಓಡಿಸಲು ಪಕ್ಕದ ಮನೆಯವರಿಗೆ ಹೇಳಿಹೋಗುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಐಡ್ಲಿಂಗಿನಲ್ಲಿ ತುಂಬುವ ಚಾರ್ಜ್ ಬಹಳ ಕಡಿಮೆ.

ಇನ್ನು ನಿಮ್ಮ ಈಗಿನ ಬ್ಯಾಟರಿಯ ವಿಷಯ. ಪೂರ್ತಿ ಬರಿದಾಗಿ ದಿನಗಟ್ಟಲೆ ಉಳಿದ ಲೆಡ್-ಆಸಿಡ್ ಬ್ಯಾಟರಿಯ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದರ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ, ಆದ್ದರಿಂದ ಇಳಿದ ದಿನವೇ ಚಾರ್ಜಿಗೆ ಹಾಕಿ. ಸೋರಿಕೆ ಸರಿಪಡಿಸಿದ ಬಳಿಕವೂ ಅದು ಎರಡು ದಿನದ ಪರೀಕ್ಷೆಯಲ್ಲಿ ಸೋತರೆ ವಾರಂಟಿ ಕಾರ್ಡಿನೊಂದಿಗೆ ಕೊಂಡ ಅಂಗಡಿಗೆ ಹೋಗಿ. ಒಂದು ವರ್ಷದ ಬ್ಯಾಟರಿಗೆ ಅವಧಿ ಇನ್ನೂ ಉಳಿದಿರುವ ಸಾಧ್ಯತೆ ಹೆಚ್ಚು.